ಕೈಗೆ ಬಾರದ ಚೆಂಡು

ಮೊದಲಿಗೆ ಕ್ಷಮೆ ಕೇಳಿಕೊಳ್ಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳಾದ್ದರಿಂದ ಒಳ್ಳೆಯ ಮಾತುಗಳೂ ನನ್ನಲ್ಲಿ ಹೆಚ್ಚಿಲ್ಲ. ಚರ್ಚಿನ ಮನೆತನಗಳ ದಿನಕ್ಕೆ ಪ್ರತಿ ಮನೆಯವರೂ ತಮ್ಮವರೊಬ್ಬರ ಬದುಕನ್ನು ಬರೆದು ತರಬೇಕೆಂದು ಸಿಸ್ಟರ್ ಪರ್ಲೀನ್ ಹೇಳಿದರು. ನಮ್ಮ ಮನೆಯಲ್ಲಿ ಬೇರೆ ಯಾರೂ ಪೆನ್ನು ಮುಟ್ಟಲಿಲ್ಲ, ಅದಕ್ಕೆ ನಾನು ಬರೆದೆ. ಇದು ನನ್ನ ಅಣ್ಣ ಟಾರ್ವಿಸ್ ಓಡಮ್ ಟ್ಯಾಲರ್ಡ್ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದ ಕಥೆ; ಚೆಂಡನ್ನು ಕಾಲಿನಿಂದ ಒದೆಯುವ ಆಟವಲ್ಲ, ಕೈಯಲ್ಲಿ ಹಿಡಿದು ಓಡುವ ನಮ್ಮ ಆಟ. ನಾನು ಬರುವ ಕಡೆಯಲ್ಲೆಲ್ಲ ‘ತಂಗಿ’ ಎಂದಷ್ಟೇ ಬರೆದಿದ್ದೇನೆ. ಕೇಳಲು ಕೂತವರಲ್ಲಿ ಕೆಲವರ ಹೆಸರೂ ಇದರಲ್ಲಿ ಬರುತ್ತದೆ. ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಮ್ಮ ಸೇಲಮ್ ಫೋರ್ಕ್ಸ್‌ನಲ್ಲಿ ಗಂಡುಮಗು ಹುಟ್ಟಿದರೆ ಮೊದಲು ಅದರ ತೊಡೆ ಹಿಡಿದು ನೋಡುತ್ತಾರೆ. ಟಾರ್ವಿಸ್‌ನ ತೊಡೆ ನೋಡಿ ಎಲ್ಲರೂ ತಲೆದೂಗಿದ್ದರಂತೆ. ಆದರೆ ತೊಡೆ ಬೆಳೆದಷ್ಟು ಆಳು ಬೆಳೆಯಲಿಲ್ಲ. ಹೈಸ್ಕೂಲಿನಲ್ಲಿ ಅವನು ಚೆಂಡನ್ನು ಕಂಕುಳಿಗೆ ಅವುಚಿಕೊಂಡು, ತಲೆಯನ್ನು ತುಸು ಎಡಕ್ಕೆ ವಾಲಿಸಿ, ಖಾಲಿ ಕೈಯನ್ನು ದೋಣಿಯ ಹುಟ್ಟಿನಂತೆ ಹಿಂದಕ್ಕೆ ತಳ್ಳುತ್ತಾ ಓಡುತ್ತಿದ್ದ. ಎದುರಿಗೆ ನಾಲ್ಕು ಜನ ನಿಂತಿದ್ದರೂ ಒಂದು ಗಳಿಗೆ ನಿಲ್ಲುತ್ತಿರಲಿಲ್ಲ, ನೇರ ಅವರೊಳಗೇ ಹೋಗುತ್ತಿದ್ದ. ಶುಕ್ರವಾರದ ಪಂದ್ಯಗಳಲ್ಲಿ ಊರು ಅವನ ಹೆಸರು ಕೂಗುತ್ತಿತ್ತು. ಕಾಲೇಜುಗಳಿಂದ ಹುಡುಗರನ್ನು ಆರಿಸಲು ಬಂದವರು ಮಾತ್ರ ಅವನ ಓಟ ನೋಡಲಿಲ್ಲ, ಎತ್ತರ ನೋಡಿದರು. ಯಾರೂ ಕರೆಯಲಿಲ್ಲ.

ಕರೆಯದಿದ್ದರೂ ಅವನು ಹೋದ. ಹೊಳೆಯ ಆಚೆ ದಡದಲ್ಲಿದ್ದ ಟ್ಯಾಲರ್ಡ್‌ಗೆ, ಮನೆಯಿಂದ ಬಸ್ಸಿನಲ್ಲಿ.

ಅವನು ಹೋದ ದಿನ ಅಮ್ಮ ಮುಂದಿನ ಕೋಣೆಯ ಗೋಡೆಗೆ ಒಂದು ಮೊಳೆ ಹೊಡೆದಳು. ಯಾಕೆಂದು ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಟ್ಯಾಲರ್ಡ್‌ನಲ್ಲಿ ಕೊನೆಯ ವರ್ಷದ ಆಟಗಾರರಿಗೆ ಪಂದ್ಯಗಳ ಋತು ಮುಗಿದ ಮೇಲೆ ಒಂದು ಊಟ ಹಾಕುತ್ತಾರೆ. ಆ ಊಟದಲ್ಲಿ ಅವರವರ ನೀಲಿ ಅಂಗಿಯನ್ನು ಅವರವರ ತಾಯಿಯ ಕೈಗೆ ಕೊಡುತ್ತಾರೆ. ತಾಯಂದಿರು ಅದಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಆದರೆ ಎಲ್ಲರಿಗೂ ಕೊಡುವುದಿಲ್ಲ. ಚೆಂಡು ಹಿಡಿದು ಓಡುವವನಾದರೆ, ನಿಜವಾದ ಪಂದ್ಯದಲ್ಲಿ ಒಂದು ಸಲವಾದರೂ ಚೆಂಡು ಅವನ ಕೈಗೆ ಬಂದಿರಬೇಕು. ಒಂದೇ ಸಲ ಸಾಕು. ಇಲ್ಲವಾದರೆ ಅಂಗಿ ಒಗೆದು ಮುಂದಿನ ಹುಡುಗನಿಗೆ.

ಟಾರ್ವಿಸ್‌ನನ್ನು ಮೊದಲ ದಿನ ನೋಡಿದವರು ಕೋಚ್ ಬ್ರಮ್‌ಫೀಲ್ಡ್. ಎದುರಾಳಿಯನ್ನು ತಡೆಯುವ ಹುಡುಗರ ಕೋಚ್ ಅವರು. ಮೇಲಿನಿಂದ ಕೆಳಗೆ ನೋಡಿ ಕೇಳಿದರು:

“ನಿನ್ನನ್ನ ಯಾರು ಕರೆದ್ರು?”

“ಯಾರೂ ಇಲ್ಲ ಸರ್. ನಾನೇ ಬಂದೆ.”

“ಹಾಗಾದ್ರೆ ಹೋಗೋದೂ ನೀನೇ ಹೋಗ್ಬೋದು. ಯಾರೂ ಅಡ್ಡ ನಿಲ್ಲಲ್ಲ.” ಹೀಗೆಂದು ಒಂದು ತೆಳುವಾದ ಹಳದಿ ಅಂಗಿಯನ್ನು ಅವನ ಎದೆಗೆ ಎಸೆದರು. “ಹಾಕ್ಕೋ. ಈ ವಾರ ನೀನು ಇವನು.”

ಟ್ಯಾಲರ್ಡ್‌ನಲ್ಲಿ ಎರಡು ತಂಡ ಇರುತ್ತಿತ್ತು. ಶನಿವಾರ ಪಂದ್ಯ ಆಡುವುದು ಒಂದು. ಸೋಮವಾರದಿಂದ ಅದರ ಕೈಯಲ್ಲಿ ಹೊಡೆಸಿಕೊಳ್ಳುವುದು ಇನ್ನೊಂದು. ಎರಡನೆಯದನ್ನು ನಕಲಿ ತಂಡ ಎನ್ನುತ್ತಿದ್ದರು. ಮುಂದಿನ ಶನಿವಾರ ಯಾವ ಊರಿನವರು ಬರುತ್ತಾರೋ, ನಕಲಿ ತಂಡದ ಹುಡುಗರು ಆ ವಾರವಿಡೀ ಆ ಊರಿನವರಾಗಿ ಆಡಬೇಕು. ಅವರ ನಂಬರು, ಅವರ ಬಣ್ಣ, ಅವರ ಚಾಳಿ. ಟಾರ್ವಿಸ್ ಪ್ರತಿ ವಾರ ಆ ಊರಿನ ಓಟಗಾರನಾಗಬೇಕು. ನೆಲಮಾಳಿಗೆಯ ಕೋಣೆಯಲ್ಲಿ ಕೂತು ವಿಡಿಯೋ ಕ್ಯಾಸೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ಅವನ ಹೆಜ್ಜೆ ಕಲಿಯಬೇಕು. ಆಮೇಲೆ ಮೈದಾನಕ್ಕೆ ಹೋಗಿ ಹಾಗೆಯೇ ಓಡಿ, ನಮ್ಮವರ ಕೈಯಲ್ಲೇ ಹೊಡೆಸಿಕೊಂಡು ಬೀಳಬೇಕು.

ಡಶಾನ್ ಪ್ರೂಯಿಟ್ ಎಂಬ ದಪ್ಪ ಕತ್ತಿನ ಹುಡುಗ ಮೊದಲ ವಾರ ಅವನನ್ನು ನೆಲಕ್ಕೆ ಕೆಡವಿ, ಅವನ ಮೇಲೆಯೇ ಕೂತು ಕೇಳಿದ:

“ಏನಪ್ಪಾ ನಿನ್ನ ಹೆಸರು?”

“ಟಾರ್ವಿಸ್. ನಿಮ್ಮೂರಿನ ಪಕ್ಕದ ಊರು ನಂದು. ನಿಮ್ಮಣ್ಣನ ಜೊತೆ ಓದಿದೀನಿ.”

“ತಪ್ಪು. ನೀನು ಹಳದಿ ಅಂಗಿಯೋನು. ಶನಿವಾರದವರೆಗೂ ನಿಂಗೆ ಅಣ್ಣ ಇಲ್ಲ, ತಮ್ಮ ಇಲ್ಲ. ಏಳು, ಇನ್ನೊಂದ್ಸಲ ಬಾ.”

ಟಾರ್ವಿಸ್ ಎದ್ದು ಇನ್ನೊಂದು ಸಲ ಬಂದ. ನಾಲ್ಕು ವರ್ಷ ಅದೇ ಅವನ ಕೆಲಸ.

ಅವನು ಆ ಕೆಲಸದಲ್ಲಿ ಕೆಟ್ಟವನಾಗಿದ್ದರೆ ಒಳ್ಳೆಯದಿತ್ತು. ಆದರೆ ಕೊಟ್ಟ ಕೆಲಸವನ್ನು ಅರ್ಧಂಬರ್ಧ ಮಾಡುವುದು ಅವನಿಗೆ ಗೊತ್ತಿರಲಿಲ್ಲ. ಭಾನುವಾರ ಮನೆಗೆ ಬಂದರೆ ಅಡುಗೆಮನೆಯಿಂದ ಜಗುಲಿಗೆ ನಡೆಯುವಾಗಲೂ ಆ ವಾರದವನ ಹಾಗೆಯೇ ನಡೆಯುತ್ತಿದ್ದ. ಒಬ್ಬ ಹಿಮ್ಮಡಿ ಊರಿ ನಡೆಯುವವನು, ಒಬ್ಬ ಭುಜ ಕುಣಿಸುವವನು. ತಂಗಿ ಒಲೆಯ ಕಡೆ ಮುಖ ಮಾಡಿಕೊಂಡೇ ಹೆಜ್ಜೆಯ ಸದ್ದಿನಿಂದ ವಾರ ಬದಲಾದದ್ದನ್ನು ಹೇಳುತ್ತಿದ್ದಳು. ಅಮ್ಮ ಹುರಿದ ಮೀನೂ ಬೆಂಡೆಕಾಯೂ ಬಡಿಸುತ್ತಾ ಕೇಳುತ್ತಿದ್ದಳು:

“ಈ ವಾರ ಯಾರೋ ನಮ್ಮನೆಗೆ ಊಟಕ್ಕೆ ಬಂದಿರೋದು? ಹೋದ ವಾರದೋನು ಇನ್ನೂ ಚೆನ್ನಾಗಿ ತಿಂತಿದ್ದ.”

“ಸುಮ್ನಿರಮ್ಮ.”

“ನನ್ನ ಮಗ ಯಾವಾಗ ಬರ್ತಾನೆ ಅಂತ ಇವನನ್ನೇ ಕೇಳೋಣ. ಏನಪ್ಪಾ, ನಮ್ಮ ಟಾರ್ವಿನ ಎಲ್ಲಾದ್ರೂ ಕಂಡಿದ್ದೀಯಾ?”

ಅವರಿಬ್ಬರೂ ನಗುತ್ತಿದ್ದರು. ಮೊದಲ ವರ್ಷ.

ಋತುವಿನ ಕೊನೆಯ ಪಂದ್ಯ ಯಾವಾಗಲೂ ಮ್ಯಾರೋ ಕಾಲೇಜಿನವರ ಜೊತೆ. ಆ ವಾರದ ಪದ್ಧತಿ ಇಲ್ಲಿಯವರಿಗೆಲ್ಲ ಗೊತ್ತಿರುವುದೇ. ಮ್ಯಾರೋದ ಓಟಗಾರನ ಪಾತ್ರ ಹಾಕುವ ಹುಡುಗ ಆ ಕೆಂಪು ಅಂಗಿಯನ್ನು ಸೋಮವಾರದಿಂದ ಗುರುವಾರದವರೆಗೆ ತೆಗೆಯುವಂತಿಲ್ಲ. ಕ್ಲಾಸಿಗೂ ಅದೇ, ಅಂಗಡಿಗೂ ಅದೇ. ಊರಿನವರು ಅವನನ್ನು ಮ್ಯಾರೋದವನೆಂದೇ ತಿಳಿದು ನಡೆಸಿಕೊಳ್ಳಬೇಕು. ಹೋಟೆಲಿನಲ್ಲಿ ತಟ್ಟೆಯನ್ನು ಬೋರಲು ಹಾಕಿ ಅದರ ಬೆನ್ನಿನ ಮೇಲೆ ಊಟ ಬಡಿಸುತ್ತಾರೆ. ಸಾರೆಲ್ಲ ಮೇಜಿಗೆ, ಅಲ್ಲಿಂದ ತೊಡೆಗೆ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಎದ್ದು ಹೋಗುತ್ತಾರೆ. ಗುರುವಾರ ಮುಸ್ಸಂಜೆ ಮೈದಾನದ ಹಿಂದೆ ದೊಡ್ಡ ಬೆಂಕಿ ಹಾಕಿ, ಅವನ ಮೈಯಿಂದ ಆ ಅಂಗಿ ತೆಗೆಸಿ ಸುಡುತ್ತಾರೆ. ಆಮೇಲೆ ಎಲ್ಲರೂ ಅವನ ಬೆನ್ನು ತಟ್ಟಿ, ಅವನ ಸ್ವಂತ ಹೆಸರು ಹಿಡಿದು ಕರೆದು, ಬಾಯಿಗೆ ಹಂದಿಮಾಂಸದ ಹೋಳು ಇಡುತ್ತಾರೆ. ಅಲ್ಲಿಗೆ ತಮಾಷೆ ಮುಗಿಯಬೇಕು.

ಮ್ಯಾರೋದ ಓಟಗಾರ ಜರೆಲ್ ಪೀಕ್. ಅವನ ನಂಬರು ಇಪ್ಪತ್ತೆರಡು. ಅವನೂ ಟಾರ್ವಿಸ್ ಸೇರಿದ ವರ್ಷವೇ ಸೇರಿದವನು, ಹಾಗಾಗಿ ನಾಲ್ಕು ವರ್ಷವೂ ಟಾರ್ವಿಸ್ ಅವನೇ ಆಗಬೇಕಾಯಿತು. ಪೀಕ್‌ನಲ್ಲಿ ಒಂದು ವಿಚಿತ್ರ ಗುಣವಿತ್ತು. ಚೆಂಡು ಕೈಗೆ ಬರುವ ಮುನ್ನ ಅವನು ಅರ್ಧ ಹೆಜ್ಜೆ ನಿಲ್ಲುತ್ತಿದ್ದ, ಬಾಗಿಲಲ್ಲಿ ಏನೋ ಮರೆತು ನಿಂತವನ ಹಾಗೆ. ಎದುರಿನವರು ಆತುರಪಟ್ಟು ಮುನ್ನುಗ್ಗಿ ಜಾಗ ಬಿಟ್ಟುಕೊಟ್ಟ ಮೇಲೆ ಹೊರಡುತ್ತಿದ್ದ. ಅದಕ್ಕಾಗಿಯೇ ಅವನನ್ನು ಹಿಡಿಯಲಾಗುತ್ತಿರಲಿಲ್ಲ. ಓಡುವುದಕ್ಕಿಂತ ಆ ನಿಲ್ಲುವುದನ್ನು ಕಲಿಯುವುದು ಕಷ್ಟ ಎಂದು ಟಾರ್ವಿಸ್ ಹೇಳುತ್ತಿದ್ದ. ಒಂದು ಗಳಿಗೆಯೂ ನಿಲ್ಲದೆ ಬೆಳೆದ ಕಾಲು ಅವನದು. ಆದರೂ ಕಲಿತ.

ಮೂರನೆಯ ವರ್ಷ ಬೆಂಕಿಯ ಹತ್ತಿರ ಒಂದು ಸಂಗತಿ ನಡೆಯಿತು. ಅಂಗಿ ಸುಟ್ಟರು, ಬೆನ್ನು ತಟ್ಟಿದರು. “ಒಳ್ಳೇ ವಾರ ಕಣೋ ಇಪ್ಪತ್ತೆರಡು,” ಎಂದರು. ಮಾಂಸದ ಹೋಳು ಬಾಯಿಗಿಟ್ಟ ಪ್ರೂಯಿಟ್ ಕೂಡ ಹಾಗೆಯೇ ಕರೆದ. ಟಾರ್ವಿಸ್ ಅಗಿಯುವುದನ್ನು ನಿಲ್ಲಿಸಿ ಕಾದ. ಯಾರ ಬಾಯಿಂದಲೂ ಅವನ ಹೆಸರು ಬರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ನೆನಪಾಗಲಿಲ್ಲ ಅಷ್ಟೆ. ಬೇಕೆಂದು ಬಿಟ್ಟಿದ್ದರೆ ಅವನು ಜಗಳವಾದರೂ ಆಡಬಹುದಿತ್ತು.

ಆ ವಾರದ ನಂತರ ಅವನು ಕೋಚ್ ಬ್ರಮ್‌ಫೀಲ್ಡ್ ಹತ್ತಿರ ಹೋಗಿ, ಅಸಲಿ ತಂಡದ ಓಟಗಾರರ ಜೊತೆ ಒಂದು ದಿನವಾದರೂ ಅಭ್ಯಾಸಕ್ಕೆ ಬಿಡಬೇಕೆಂದು ಕೇಳಿದ.

“ಯಾಕೆ?”

“ಮುಂದಿನದು ನನ್ನ ಕೊನೇ ವರ್ಷ ಸರ್. ಎಲ್ಲಾದ್ರೂ ಒಂದ್ಸಲ ಚೆಂಡು ಸಿಕ್ಕಿದ್ರೆ, ನಮ್ಮವರ ಆಟ ಗೊತ್ತಿರ್ಬೇಕಲ್ವಾ.”

“ನಮ್ಮ ಆಟ ಕಲಿತರೆ ಅವರ ಆಟ ಕೆಟ್ಟೋಗುತ್ತೆ. ನನಗೆ ಬೇಕಾಗಿರೋದು ಅವರ ಆಟ. ನಿನ್ನಂಥ ಓಟಗಾರರು ಹೊಳೆ ದಡದಲ್ಲಿ ಬೇಕಾದಷ್ಟು ಸಿಗ್ತಾರೆ. ಒಳ್ಳೇ ಪೀಕ್ ಸಿಗಲ್ಲ.”

ಹೊಗಳಿದರೋ ಬೈದರೋ ಎಂದು ಟಾರ್ವಿಸ್ ಬಸ್ಸಿನಲ್ಲಿ ಮನೆಯವರೆಗೂ ಯೋಚಿಸಿದನಂತೆ. ತಂಗಿಗೆ ಹೇಳಿದಾಗ ಅವಳು ಬೈದದ್ದೇ ಎಂದಳು.

ಕೊನೆಯ ವರ್ಷದ ಮ್ಯಾರೋ ವಾರ ಬಂತು. ಹಿಂದಿನ ಮೂರೂ ಸಲ ಟ್ಯಾಲರ್ಡ್ ಸೋತಿತ್ತು, ಊರಿನ ತಮಾಷೆಗೆ ಹುಳಿ ಹಿಡಿದಿತ್ತು. ಮಂಗಳವಾರ ಟಾರ್ವಿಸ್ ಬಸ್ಸಿನಲ್ಲಿ ಊರಿಗೆ ಬಂದು ಅಂಕಲ್ ಹೋಸಿಯಾ ಅಂಗಡಿಗೆ ಕಟಿಂಗಿಗೆ ಹೋದ. ಅವನ ಹುಟ್ಟುಗೂದಲು ತೆಗೆದವರೂ ಅಂಕಲ್ ಹೋಸಿಯಾ, ನಮ್ಮ ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿಯುವವರೂ ಅವರೇ. ಕೆಂಪು ಅಂಗಿಯ ಮೇಲೆ ಬಟ್ಟೆ ಹೊದಿಸಿ, ಬಲಗಡೆಯ ಅರ್ಧ ತಲೆಯನ್ನು ನುಣ್ಣಗೆ ಮಾಡಿ, ಮಿಷನ್ ಆರಿಸಿ ಕೆಳಗಿಟ್ಟರು.

“ಆಯ್ತು, ಏಳು.”

“ಅಂಕಲ್, ಇನ್ನರ್ಧ?”

“ಇನ್ನರ್ಧ ಮ್ಯಾರೋದಲ್ಲಿ ಮಾಡಿಸ್ಕೋ. ಅಲ್ಲೂ ಒಬ್ಬ ಕ್ಷೌರದೋನು ಇರ್ತಾನೆ.”

ಬೆಂಚಿನ ಮೇಲೆ ಕೂತವರೆಲ್ಲ ನಕ್ಕರು. ಟಾರ್ವಿಸ್ ತಾನೂ ನಗಲು ನೋಡಿದ. “ಶನಿವಾರ ಅಮ್ಮನೂ ಬರ್ತಾಳೆ ಅಂಕಲ್, ನನ್ನ ಕೊನೇ ಪಂದ್ಯ,” ಎಂದ.

“ನಿಮ್ಮಮ್ಮ ನನಗೆ ಗೊತ್ತು. ನೀನ್ಯಾರೋ ಗೊತ್ತಿಲ್ಲ. ಬಾಗಿಲು ಹಾಕ್ಕೊಂಡು ಹೋಗು, ಚಳಿ.”

ಅರ್ಧ ತಲೆಯಲ್ಲೇ ಮನೆಗೆ ಬಂದ. ತಂಗಿ ತೀರಿಕೊಂಡ ಅಪ್ಪನ ಹಳೆಯ ಕಟಿಂಗ್ ಮಿಷನ್ ಹುಡುಕಿ ತೆಗೆದು, ಅಡುಗೆಮನೆಯ ಸ್ಟೂಲಿನ ಮೇಲೆ ಅಣ್ಣನನ್ನು ಕೂರಿಸಿ, ಉಳಿದರ್ಧ ಮುಗಿಸಿದಳು. ಮಿಷನ್ ತಾಗಿ ಕಿವಿಯ ಹಿಂದೆ ಒಂದು ಗಾಯವಾಯಿತು. ಅದನ್ನು ಟಾರ್ವಿಸ್ ಅವಳಿಗೆ ಹೇಳಲಿಲ್ಲ, ದಿಂಬಿನ ಮೇಲೆ ರಕ್ತ ನೋಡಿ ಗೊತ್ತಾಯಿತು.

ಶನಿವಾರ ಅವನು ತನ್ನ ನೀಲಿ ಅಂಗಿ ಹಾಕಿಕೊಂಡು ಬೆಂಚಿನ ತುದಿಯಲ್ಲಿ ನಿಂತಿದ್ದ. ನಂಬರು ಮೂವತ್ತನಾಲ್ಕು. ಮಡಿಕೆಯ ಗೆರೆಯೂ ಹೋಗದಷ್ಟು ಹೊಸದು. ಅಮ್ಮನೂ ತಂಗಿಯೂ ಮೇಲಿನ ಸಾಲಿನಲ್ಲಿ ಕೂತಿದ್ದರು. ಮೊದಲ ಅರ್ಧದಲ್ಲೇ ನಮ್ಮ ಒಬ್ಬ ಓಟಗಾರನ ಮೊಣಕಾಲು ತಿರುಚಿತು. ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದರಲ್ಲಿ ಇನ್ನೊಬ್ಬನನ್ನು ಇಬ್ಬರು ಎತ್ತಿಕೊಂಡು ಬಂದರು. ಆಗ ಟ್ಯಾಲರ್ಡ್ ಮೂರು ಪಾಯಿಂಟು ಮುಂದಿತ್ತು. ಇಡೀ ತಂಡವನ್ನು ನಡೆಸುವ ದೊಡ್ಡ ಕೋಚ್ ಬೆಂಚಿನ ಉದ್ದಕ್ಕೂ ನೋಡಿದರು.

“ಓಡೋನು ಯಾರಿದ್ದಾನೆ?”

“ಇಪ್ಪತ್ತೆರಡು ಇದಾನೆ,” ಎಂದ ಒಬ್ಬ.

“ಇಪ್ಪತ್ತೆರಡು ಅವರೋನಲ್ವೇನೋ?”

“ನಮ್ಮ ಇಪ್ಪತ್ತೆರಡು ಕೋಚ್. ಅದೇ, ಆ ಗಿಡ್ಡ.”

ಟಾರ್ವಿಸ್ ಒಳಗೆ ಓಡಿದ. ಮೇಲೆ ಕೂತಿದ್ದ ಅಮ್ಮ ತಂಗಿಯ ತೊಡೆ ಹಿಂಡಿದಳು. ಚೆಂಡು ಹಂಚುವವನು ವಿಟ್ ಕ್ಯಾಲವೇ, ಟ್ರ್ಯಾಕ್ಟರ್ ಮಾರುವ ಕ್ಯಾಲವೇ ಅವರ ಮಗ. ಆ ಇಡೀ ಋತುವಿನಲ್ಲಿ ಅವನ ಕೈಯಿಂದ ಒಂದು ಚೆಂಡೂ ಬಿದ್ದಿರಲಿಲ್ಲ, ಪೇಪರಿನಲ್ಲೂ ಹಾಗೆ ಬಂದಿತ್ತು. ಗುಂಪಾಗಿ ಬಾಗಿ ನಿಂತಾಗ ಅವನು ಟಾರ್ವಿಸ್‌ನನ್ನು ನೋಡಿ ಮುಖ ಸಿಂಡರಿಸಿದ.

“ಬಲಗಡೆ, ನನ್ನ ಹಿಂದಿನಿಂದ. ಗೊತ್ತು ತಾನೇ?”

“ಗೊತ್ತು.”

“ಬೇಗ ಬರ್ಬೇಕು.”

“ಬರ್ತೀನಿ.”

ಬಲಗಡೆ ಎನ್ನುವುದು ಅವನಿಗೆ ಗೊತ್ತಿತ್ತು. ಬೇಗ ಬರಬೇಕೆನ್ನುವುದೂ ಗೊತ್ತಿತ್ತು. ಅವನ ಕಾಲಿಗೆ ಗೊತ್ತಿರಲಿಲ್ಲ. ಸೋಮವಾರದಿಂದ ಅದು ಪೀಕ್‌ನ ಕಾಲು. ಚೆಂಡು ವಿಟ್‌ನ ಕೈಗೆ ಬಂತು, ವಿಟ್ ತಿರುಗಿದ, ಟಾರ್ವಿಸ್ ಹೊರಟ, ಮತ್ತು ಬಾಗಿಲಲ್ಲಿ ಏನೋ ಮರೆತವನಂತೆ ಅರ್ಧ ಹೆಜ್ಜೆ ನಿಂತ. ಅವನ ಹೊಟ್ಟೆ ಇರಬೇಕಾದ ಜಾಗಕ್ಕೆ ವಿಟ್ ಚೆಂಡು ಚಾಚಿದ. ಅಲ್ಲಿ ಗಾಳಿ ಇತ್ತು. ಆಮೇಲೆ ಬಂದ ಟಾರ್ವಿಸ್‌ನ ಸೊಂಟದ ಮೂಳೆಗೆ ಚೆಂಡು ಬಡಿದು ನೆಲಕ್ಕೆ ಬಿತ್ತು. ಮ್ಯಾರೋದವರು ಮೂವರು ಅದರ ಮೇಲೆ ಬಿದ್ದರು, ಚೆಂಡು ಅವರದಾಯಿತು.

ಅಲ್ಲಿಂದ ನಾಲ್ಕೇ ಯತ್ನದಲ್ಲಿ ಪೀಕ್ ಚೆಂಡು ಹಿಡಿದು ನಮ್ಮ ಕೊನೆಯ ಗೆರೆ ದಾಟಿದ, ಮ್ಯಾರೋ ಮುಂದಾಯಿತು. ಟ್ಯಾಲರ್ಡ್ ನಾಲ್ಕನೆಯ ವರ್ಷವೂ ಸೋತಿತು. ಟಾರ್ವಿಸ್‌ನನ್ನು ಮತ್ತೆ ಒಳಗೆ ಕಳಿಸಲಿಲ್ಲ. ವಿದ್ಯಾರ್ಥಿಗಳ ಕಡೆಯಿಂದ “ಇಪ್ಪತ್ತೆರಡು, ಮನೆಗೆ ಹೋಗು” ಎಂದು ತಾಳ ಹಾಕಿ ಕೂಗುವುದು ಶುರುವಾಯಿತು. ಅಮ್ಮನ ಮುಂದಿನ ಸಾಲಿನಲ್ಲಿದ್ದ ಒಬ್ಬಾತ ಎದ್ದು ನಿಂತು ಕೂಗುತ್ತಿದ್ದ. ಅಮ್ಮ ಅವನ ಅಂಗಿಯನ್ನು ಹಿಂದಿನಿಂದ ಹಿಡಿದು ಕೂರಿಸಿದಳು.

“ನನಗೆ ಕಾಣಿಸ್ತಿಲ್ಲ. ನೀನು ಕೂಗೋದಾದ್ರೆ ಕೂತ್ಕೊಂಡು ಕೂಗು.”

ಆಟ ಮುಗಿದು ಎರಡೂ ತಂಡದವರು ಕೈ ಕುಲುಕುವಾಗ ಪೀಕ್ ಟಾರ್ವಿಸ್‌ನ ಮುಂದೆ ನಿಂತ.

“ಲೋ, ಆ ನಿಲ್ಲೋದು ನಂದು ಕಣೋ. ಎಲ್ಲಿಂದ ಕದ್ದೆ?”

“ಕದ್ದಿದ್ದಲ್ಲ. ಹೊರಿಸಿದ್ದು.”

“ಇಟ್ಕೋ. ನಿಂಗೇ ಬೇಕಾಗುತ್ತೆ,” ಎಂದು ಹಲ್ಲು ಕಿರಿದು ಮುಂದೆ ಹೋದ. ಇಡೀ ದಿನದಲ್ಲಿ ತನ್ನನ್ನು ಸರಿಯಾಗಿ ನೋಡಿ ಮಾತಾಡಿದವನು ಪೀಕ್ ಒಬ್ಬನೇ ಎಂದು ಟಾರ್ವಿಸ್ ಆಮೇಲೆ ಹೇಳಿದ.

ಭಾನುವಾರ ಚರ್ಚಿನಲ್ಲಿ ನಮ್ಮ ಬೆಂಚಿನಲ್ಲಿ ನಾವು ಮೂವರೇ ಕೂತಿದ್ದೆವು. ಆ ಬೆಂಚು ಎಷ್ಟು ಉದ್ದವೆಂದು ನಿಮಗೆ ಗೊತ್ತಿದೆ. ಅಂಕಲ್ ಹೋಸಿಯಾ ಕಾಣಿಕೆ ತಟ್ಟೆಯನ್ನು ನಮ್ಮ ಮುಂದೆ ನಿಲ್ಲಿಸದೆ ಹಿಂದಿನ ಸಾಲಿಗೆ ಒಯ್ದರು.

ಮಧ್ಯಾಹ್ನ ಮಿಸ್ಟರ್ ಕ್ಯಾಲವೇ ಪಿಕಪ್ ಗಾಡಿಯಲ್ಲಿ ಮನೆಗೆ ಬಂದರು. ಅಮ್ಮ ಜಗುಲಿಯಲ್ಲಿ ಕೂತು ಪೆಕಾನ್ ಕಾಯಿ ಒಡೆಯುತ್ತಿದ್ದಳು.

“ಅರ್ನೆಲ್ಲಾ, ಚೆನ್ನಾಗಿದ್ದೀಯಾ?”

“ಚೆನ್ನಾಗಿದ್ದೀನಿ ಮಿಸ್ಟರ್ ಕ್ಯಾಲವೇ. ಅಲ್ಲೇ ನಿಲ್ಲಿ, ಮೆಟ್ಟಿಲು ಗಟ್ಟಿಯಿಲ್ಲ.”

ಮೆಟ್ಟಿಲು ಗಟ್ಟಿಯಾಗಿಯೇ ಇತ್ತು. ಅವರು ಅಂಗಳದಲ್ಲೇ ನಿಂತು, ಬಾಗಿಲಿಗೆ ಒರಗಿದ್ದ ಟಾರ್ವಿಸ್‌ಗೆ ವಿಷಯ ಹೇಳಿದರು. ಪಂದ್ಯದ ಲೆಕ್ಕ ಬರೆಯುವವರು ಆ ಬಿದ್ದ ಚೆಂಡನ್ನು ವಿಟ್‌ನ ಹೆಸರಿಗೆ ಹಾಕಿದ್ದಾರೆ. ಚೆಂಡು ಟಾರ್ವಿಸ್‌ನ ಕೈಗೆ ತಾಗಿತ್ತೋ ಇಲ್ಲವೋ ಕ್ಯಾಸೆಟ್ಟಿನಲ್ಲಿ ಸರಿಯಾಗಿ ಕಾಣುವುದಿಲ್ಲ. ನಾಳೆ ದೊಡ್ಡ ಕೋಚ್ ಅವನನ್ನೇ ಕರೆದು ಕೇಳುತ್ತಾರೆ.

“ಕೈಗೆ ಬಂದಿತ್ತು ಅಂತ ಒಂದ್ಮಾತು ಹೇಳು. ಬಂದಿದ್ರೆ ಅದು ನಿನ್ನ ಓಟ, ಬೀಳಿಸಿದ್ದೂ ನೀನೇ. ವಿಟ್ ಹೆಸರು ಶುದ್ಧ ಉಳಿಯುತ್ತೆ. ನಿನಗೂ ಒಂದು ಓಟ ಅಂತ ಬರೆದುಕೊಳ್ತಾರೆ, ನಿಮ್ಮಮ್ಮನಿಗೆ ಅಂಗಿ ಸಿಗುತ್ತೆ. ಎಲ್ಲರಿಗೂ ಒಳ್ಳೇದೇ.”

ಅಮ್ಮ ಕಾಯಿ ಒಡೆಯುತ್ತಲೇ ಕೇಳಿದಳು: “ಎಲ್ಲರಿಗೂ ಅಂದ್ರೆ ಯಾರ್ಯಾರು?”

“ಹೇಗಿದ್ರೂ ಊರೆಲ್ಲ ಅವನೇ ಬೀಳಿಸಿದ್ದು ಅಂತಿದೆ ಅರ್ನೆಲ್ಲಾ. ಅನ್ನಿಸ್ಕೊಂಡಿದ್ದಕ್ಕೆ ಒಂದು ಅಂಗಿನಾದ್ರೂ ಬರ್ಲಿ ಅಂತ ಹೇಳ್ದೆ.”

ಗಾಡಿ ಹೋದ ಮೇಲೆ ಟಾರ್ವಿಸ್ ಒಳಗೆ ಬಂದು ಗೋಡೆಯ ಮುಂದೆ ನಿಂತ. ಮೊಳೆಗೆ ತುಕ್ಕು ಹಿಡಿದಿತ್ತು. ಹೊರಗಿನಿಂದ ಅಮ್ಮ ಹೇಳಿದಳು:

“ಆ ಮೊಳೆ ನೋಡ್ಬೇಡ. ಅದು ನಂದು. ಅದರ ಚಿಂತೆ ನಂಗಿರಲಿ.”

ಆದರೆ ಅವಳ ದನಿ ಗಟ್ಟಿ ಇರಲಿಲ್ಲ. ಅವಳು ಕೆಲಸಕ್ಕೆ ಹೋಗುವ ಮೀನಿನ ಕಾರ್ಖಾನೆಯಲ್ಲಿ ಅವಳ ಸಾಲಿನಲ್ಲಿ ನಿಲ್ಲುವ ಹೆಂಗಸರ ಮನೆಗಳಲ್ಲಿ ಗಾಜಿನೊಳಗಿನ ನೀಲಿ ಅಂಗಿಗಳಿದ್ದವು. ಅವಳು ಅವನ್ನು ನೋಡಿಕೊಂಡು ಬಂದವಳು. ಟಾರ್ವಿಸ್‌ಗೂ ಅದು ಗೊತ್ತಿತ್ತು. ಒಂದು ಓಟ. ನಾಲ್ಕು ವರ್ಷ ಅವನು ಬೇಡಿದ್ದು ಅದನ್ನೇ, ಈಗ ಅದು ಬಾಯಿಮಾತಿಗೆ ಸಿಗುತ್ತಿತ್ತು. ಅದಕ್ಕೆ ಬದಲಾಗಿ, ಮ್ಯಾರೋ ಪಂದ್ಯದಲ್ಲಿ ನಮ್ಮವರು ಸೋತದ್ದು ತನ್ನಿಂದಲೇ ಎಂದು ಸಾಯುವವರೆಗೆ ಒಪ್ಪಿಕೊಂಡಿರಬೇಕು.

ಸಂಜೆ ಅವನು ಮನೆಯ ಮುಂದಿನ ಜಲ್ಲಿ ರಸ್ತೆಗೆ ಹೋಗಿ ಓಡತೊಡಗಿದ. ತಂಗಿ ಬೇಲಿಯ ಹತ್ತಿರ ನಿಂತು ನೋಡಿದಳು. ಅವನು ಓಡುತ್ತಿದ್ದ, ನಿಲ್ಲುತ್ತಿದ್ದ, ತನಗೇ ಬೈದುಕೊಳ್ಳುತ್ತಿದ್ದ. ಭುಜ ಒಬ್ಬನದು, ಹಿಮ್ಮಡಿ ಇನ್ನೊಬ್ಬನದು, ಆ ಅರ್ಧ ಹೆಜ್ಜೆ ಪೀಕ್‌ನದು. ಕೊನೆಗೆ ಬೇಲಿಯ ಹತ್ತಿರ ಬಂದು ಕೇಳಿದ:

“ನಾನು ಮೊದ್ಲು ಹೇಗೆ ಓಡ್ತಿದ್ದೆ?”

ತಂಗಿಗೆ ಜನರ ಮುಂದೆ ನಡೆಯಲೂ ನಾಚಿಕೆ. ಶಾಲೆ ಬಿಟ್ಟದ್ದೂ ಸ್ವಲ್ಪ ಅದಕ್ಕೇ. ರಸ್ತೆಯ ಆಚೆ ಮನೆಯವರು ಜಗುಲಿಯಲ್ಲಿ ಕೂತಿದ್ದರು. ಅವಳು ಒಳಗೆ ಹೋಗಿ ಮೆಕ್ಕೆಜೋಳದ ಹಿಟ್ಟಿನ ಚೀಲ ತಂದು ಕಂಕುಳಿಗೆ ಅವುಚಿಕೊಂಡಳು. ತಲೆಯನ್ನು ತುಸು ಎಡಕ್ಕೆ ವಾಲಿಸಿ, ಖಾಲಿ ಕೈಯನ್ನು ಹಿಂದಕ್ಕೆ ತಳ್ಳುತ್ತಾ, ಅಂಚೆ ಡಬ್ಬದಿಂದ ಹಳ್ಳದ ಸೇತುವೆಯವರೆಗೆ ಎಲ್ಲೂ ನಿಲ್ಲದೆ ಓಡಿದಳು. ಹಿಟ್ಟು ಸೋರಿ ಫ್ರಾಕೆಲ್ಲ ಹಳದಿಯಾಯಿತು. ಆಚೆ ಮನೆಯವರು ಚಪ್ಪಾಳೆ ತಟ್ಟಿ ನಕ್ಕರು.

“ಇಪ್ಪತ್ತಮೂರು ಬಂತು ನೋಡ್ರೋ,” ಎಂದ ಒಬ್ಬ.

ಟಾರ್ವಿಸ್ ಅವರ ಕಡೆ ತಿರುಗಲಿಲ್ಲ. “ಇನ್ನೊಂದ್ಸಲ ಓಡು,” ಎಂದ. ಅವಳು ಇನ್ನೊಂದು ಸಲ ಓಡಿದಳು. ಮೂರನೆಯ ಸಲ ಅವನು ಅವಳ ಹಿಂದೆಯೇ ಓಡಿದ, ಅವಳು ಹೆಜ್ಜೆ ಇಟ್ಟಲ್ಲೇ ಹೆಜ್ಜೆ ಇಡುತ್ತಾ. ಸೇತುವೆಯ ಹತ್ತಿರ ಅವಳ ಕೈಯಿಂದ ಚೀಲ ತೆಗೆದುಕೊಂಡು, ಒಬ್ಬನೇ ವಾಪಸ್ ಓಡಿದ. ಎಲ್ಲೂ ನಿಲ್ಲಲಿಲ್ಲ.

ಸೋಮವಾರ ದೊಡ್ಡ ಕೋಚ್‌ನ ಕೋಣೆಯಲ್ಲಿ ಕೋಚ್ ಬ್ರಮ್‌ಫೀಲ್ಡ್, ಮಿಸ್ಟರ್ ಕ್ಯಾಲವೇ ಮತ್ತು ವಿಟ್ ಇದ್ದರು. ಲೆಕ್ಕ ಬರೆಯುವ ಮುದುಕರೊಬ್ಬರು ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಟಾರ್ವಿಸ್‌ಗೆ ಕುರ್ಚಿ ಇರಲಿಲ್ಲ.

“ಒಂದೇ ಪ್ರಶ್ನೆ,” ಎಂದರು ದೊಡ್ಡ ಕೋಚ್. “ಚೆಂಡು ನಿನ್ನ ಕೈಗೆ ಬಂದಿತ್ತಾ?”

“ಇಲ್ಲ ಸರ್.”

ಮಿಸ್ಟರ್ ಕ್ಯಾಲವೇ ಕೆಮ್ಮಿದರು. “ಯೋಚ್ನೆ ಮಾಡಿ ಹೇಳಪ್ಪಾ.”

“ಯೋಚ್ನೆ ಮಾಡೇ ಬಂದಿದೀನಿ. ನಾನು ತಡವಾಗಿ ಬಂದೆ, ಅದು ನನ್ನ ತಪ್ಪು. ಯಾರು ಕೇಳಿದ್ರೂ ಹೇಳ್ತೀನಿ. ಆದ್ರೆ ಚೆಂಡು ನನ್ನ ಸೊಂಟಕ್ಕೆ ಬಡೀತು, ಕೈಗೆ ಬರ್ಲಿಲ್ಲ.”

ಕೋಚ್ ಬ್ರಮ್‌ಫೀಲ್ಡ್ ಮುಂದಕ್ಕೆ ಬಾಗಿದರು. “ಅಂದ್ರೆ ಏನಾಯ್ತು ಗೊತ್ತಾ? ಒಂದು ಓಟಾನೂ ಇಲ್ಲ. ಅಂಗಿ ಇಲ್ಲ. ನಾಲ್ಕು ವರ್ಷ ನೀನು ಇಲ್ಲಿ ಇರ್ಲೇ ಇಲ್ಲ ಅಂತ ಆಗುತ್ತೆ.”

“ಹೌದು ಸರ್. ನಾಲ್ಕು ವರ್ಷದಲ್ಲಿ ನೀವು ನನಗೆ ಚೆಂಡು ಕೊಟ್ಟಿಲ್ಲ. ಶನಿವಾರಾನೂ ಕೊಟ್ಟಿಲ್ಲ. ಕೊಡದೇ ಇರೋದನ್ನ ನಾನು ಹೇಗೆ ಬೀಳಿಸ್ಲಿ?”

ವಿಟ್ ಎದ್ದು, “ಮ್ಯಾರೋ ನಾಯಿ,” ಎಂದು ಹೇಳಿ ಹೊರಗೆ ಹೋದ. ಮುದುಕರು ಟೋಪಿ ಹಾಕಿಕೊಂಡು, ತಾವು ಬರೆದದ್ದು ಹಾಗೆಯೇ ಇರಲಿ ಎಂದರು. ದೊಡ್ಡ ಕೋಚ್ ಬಾಗಿಲು ತೋರಿಸುತ್ತಾ ಟಾರ್ವಿಸ್‌ಗೆ ಅಂಗಿಯನ್ನು ಒಗೆಯುವ ಕೋಣೆಯಲ್ಲಿ ಬಿಟ್ಟುಹೋಗಲು ಹೇಳಿದರು.

“ಹೆಸರೇನಂದೆ ನಿಂದು?” ಎಂದು ಕೇಳಿದರು, ಅವನು ಹೊಸ್ತಿಲು ದಾಟುವಾಗ.

ಟಾರ್ವಿಸ್ ಬಾಗಿಲು ಎಳೆದುಕೊಂಡು ಹೊರಟುಹೋದ.

ಮೂವತ್ತನಾಲ್ಕನೆಯ ನಂಬರಿನ ಅಂಗಿಯನ್ನು ಅವನು ಅದರ ಹಳೆಯ ಮಡಿಕೆಯ ಗೆರೆಗಳ ಮೇಲೆಯೇ ಮಡಿಸಿ ಬಿಟ್ಟು ಬಂದ. ಊಟದ ದಿನ ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ಅಮ್ಮ ಕಾರ್ಖಾನೆಯಿಂದ ಬಂದು, ಒದ್ದೆಯಾಗಿದ್ದ ರಬ್ಬರ್ ಏಪ್ರನ್ ಬಿಚ್ಚಿ, ಮುಂದಿನ ಕೋಣೆಯ ಆ ಮೊಳೆಗೆ ತೂಗುಹಾಕಿದಳು. ಕೋಣೆಯೆಲ್ಲ ಮೀನಿನ ವಾಸನೆ. ಯಾರಾದರೂ ಬಂದರೆ ಮೊದಲು ಕಾಣುವುದು ಈಗ ಅದೇ. ನೀವು ಬಂದಿಲ್ಲವಾದ್ದರಿಂದ ಹೇಳುತ್ತಿದ್ದೇನೆ.

ಟಾರ್ವಿಸ್ ಈಗ ಮೀನಿನ ಕೆರೆಗಳಿಗೆ ಮೇವು ಹಾಕುವ ಲಾರಿ ಓಡಿಸುತ್ತಾನೆ. ದಾರಿಯಲ್ಲಿ ‘ಇಪ್ಪತ್ತೆರಡು’ ಎಂದು ಕೂಗುವವರು ಇನ್ನೂ ಇದ್ದಾರೆ. ಅವನು ತಿರುಗುವುದಿಲ್ಲ. ಹೆಸರು ಹಿಡಿದು ಕರೆದವರಿಗೆ ಮಾತ್ರ ಕೈ ಎತ್ತುತ್ತಾನೆ. ಪ್ರೂಯಿಟ್ ಒಮ್ಮೆ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿ, ಅವನ ಹೆಸರು ನೆನಪಿಸಿಕೊಳ್ಳಲು ಬಹಳ ಹೊತ್ತು ನಿಂತಿದ್ದನಂತೆ. ಟಾರ್ವಿಸ್ ಸಹಾಯ ಮಾಡಲಿಲ್ಲ. ಕೊನೆಗೆ ಪ್ರೂಯಿಟ್ “ಓಡಮ್” ಎಂದ. ಅರ್ಧ ಹೆಸರಿಗೆ ಟಾರ್ವಿಸ್ ಅರ್ಧ ಕೈ ಎತ್ತಿದ.

ಇಷ್ಟೇ ಕಥೆ. ಇದನ್ನು ಎರಡು ಸಲ ಬರೆದು ಶುದ್ಧ ಮಾಡಿದ್ದೇನೆ. ಇದನ್ನು ಸಿಸ್ಟರ್ ಪರ್ಲೀನ್ ಅವರ ಕೈಗೆ ಕೊಟ್ಟು ಬಂದು, ಅಪ್ಪನ ಮಿಷನ್ನಿಗೆ ಎಣ್ಣೆ ಹಾಕಿ, ಅಡುಗೆಮನೆಯ ಸ್ಟೂಲಿನ ಮೇಲೆ ಅಣ್ಣನನ್ನು ಕೂರಿಸಿ ಅವನ ತಲೆಗೂದಲು ಕತ್ತರಿಸುತ್ತೇನೆ. ಅಂಕಲ್ ಹೋಸಿಯಾ ಅಂಗಡಿಗೆ ಅವನು ಹೋಗುವುದಿಲ್ಲ.